ಬಾಕಿ ಉಳಿದ ಅರ್ಧ ಮೀಸೆ

ಅಪ್ಪನ ಕಟಿಂಗ್ ಶಾಪಿನಲ್ಲಿ ಕುರ್ಚಿ ಒಂದು, ಕನ್ನಡಿ ಎರಡು, ಕಾಯುವವರಿಗೆ ಬೆಂಚು ಒಂದು. ಬೆಂಚಿನ ಗೋಡೆ ಕಡೆಯ ತುದಿ ಮಗಳದು. ಕಾಲೇಜಿನಿಂದ ಬಂದವಳೇ ಅಲ್ಲಿ ಕೂತು, ಹಳದಿ ಹೈಲೈಟರಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು ಓದಲು ಶುರು ಮಾಡಿದಳೆಂದರೆ ಅಂಗಡಿ ಬಾಗಿಲು ಹಾಕುವವರೆಗೂ ತಲೆ ಎತ್ತುತ್ತಿರಲಿಲ್ಲ. ಅಪ್ಪ ಗಿರಾಕಿಗಳ ತಲೆ ಹಿಡಿದು ಅವಳ ಕಡೆಗೆ ತಿರುಗಿಸಿ, ನೋಡಿ ನನ್ನ ಮಗಳು ಹೇಗೆ ಓದುತ್ತಾಳೆ ಎನ್ನುತ್ತಿದ್ದ. ಕೈಯಲ್ಲಿ ಕತ್ತಿ ಹಿಡಿದವನು ತೋರಿಸಿದ್ದನ್ನು ಯಾರು ತಾನೇ ನೋಡದೆ ಇರುತ್ತಾರೆ? ಎಲ್ಲರೂ ನೋಡಿ ಮೆಚ್ಚುತ್ತಿದ್ದರು.

ಇಷ್ಟೆಲ್ಲ ಓದಿದ ಹುಡುಗಿ, ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲೇ ಡುಮ್ಕಿ ಹೊಡೆದಳು. ಒಂದಲ್ಲ, ಎರಡು ಸಲ. ಅದೇನು ಮಹಾ ಪರೀಕ್ಷೆಯೂ ಅಲ್ಲ. ಎರಡು ಪುಟ ಕೊಡುತ್ತಾರೆ, ಓದಿಕೊಂಡು ಅದರಲ್ಲಿ ಏನಿದೆ ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ ಎನ್ನುತ್ತಾರೆ. ಮೂರನೇ ಸಲವೂ ಹೋದರೆ ಹಾಜರಿ ಪಟ್ಟಿಯಿಂದ ಹೆಸರು ತೆಗೆದುಹಾಕುತ್ತೇವೆ ಎಂದು ಕಾಲೇಜಿನಿಂದ ಪತ್ರ ಬಂತು. ಅಪ್ಪ ಅದನ್ನು ಮೂರು ಸಲ ಓದಿದ. ಮೊದಲನೇ ಸಲಕ್ಕೇ ಅರ್ಥವಾಗಿತ್ತು. ಉಳಿದೆರಡು ಸಲ ಓದಿದ್ದು, ಬೇರೇನಾದರೂ ಬರೆದಿರಬಹುದೇನೋ ಎಂಬ ಆಸೆಗೆ.

ಅವತ್ತು ಮೊದಲ ಬಾರಿಗೆ ಮಗಳ ಪುಸ್ತಕ ಕೈಗೆತ್ತಿಕೊಂಡು ನೋಡಿದ. ಎಲ್ಲ ಹಳದಿ. ಸಾಲು ಹಳದಿ, ಸಾಲುಗಳ ನಡುವಿನ ಜಾಗ ಹಳದಿ, ಪುಟದ ಸಂಖ್ಯೆ ಹಳದಿ. ಪುಣ್ಯಾತ್ಗಿತ್ತಿ, ಮುದ್ರಕರ ವಿಳಾಸವನ್ನೂ ಬಿಟ್ಟಿರಲಿಲ್ಲ! ಇದೇನಮ್ಮಾ ಎಂದು ಕೇಳಿದ್ದಕ್ಕೆ, ಮುಖ್ಯವಾದದ್ದಕ್ಕೆ ಗುರುತು ಹಾಕಿದ್ದೇನೆ ಎಂದಳು. ಹಾಗಾದರೆ ಇದರಲ್ಲಿ ಮುಖ್ಯವಲ್ಲದ್ದು ಯಾವುದು ಎಂದ. ಅವಳು ನಾಲ್ಕು ಪುಟ ತಿರುವಿ ನೋಡಿ, ಅದು ಇನ್ನೂ ಸಿಕ್ಕಿಲ್ಲ ಎಂದಳು.

ಅಪ್ಪನಿಗೆ ರೇಗಿಹೋಯಿತು. "ಶೇವಿಂಗ್ ಮಾಡೋವಾಗ ನಾನು ಹಣೆಗೂ ನೊರೆ ಹಚ್ತೀನಾ? ಗಡ್ಡ ಎಲ್ಲಿದೆ ಅಂತ ಮೊದಲು ನೋಡ್ಬೇಕಮ್ಮಾ. ಆಮೇಲೆ ಹಚ್ಬೇಕು."

ಹೈಲೈಟರು ಡ್ರಾ ಸೇರಿತು. ಅಂಗಡಿಯಲ್ಲಿ ಹೊಸ ಕಾನೂನು ಬಂತು. ಮಗಳು ಒಂದು ಪುಟ ಓದಬೇಕು, ಪುಸ್ತಕ ಮುಚ್ಚಬೇಕು, ಓದಿದ್ದನ್ನು ಕುರ್ಚಿಯಲ್ಲಿದ್ದವರಿಗೆ ಹೇಳಬೇಕು. ಅವರಿಗೆ ಅರ್ಥವಾಗುವವರೆಗೆ ಅಪ್ಪನ ಕತ್ತಿ ಮುಂದಕ್ಕೆ ಹೋಗುವಂತಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿದೆ, ಕೆನ್ನೆ ತುಂಬ ನೊರೆ ಇದೆ. ಎದ್ದು ಓಡಿಹೋಗಲಾರದ ಇಂಥ ವಿದ್ಯಾರ್ಥಿ ಯಾವ ಮೇಷ್ಟರಿಗೆ ಸಿಕ್ಕಾನು?

ಮೊದಲ ದಿನ ಸಿಕ್ಕಿಬಿದ್ದವನು ಲಿಫ್ಟ್ ರಿಪೇರಿಯವನು. ಬಾವಲಿಗಳು ಕತ್ತಲಲ್ಲಿ ಹೇಗೆ ಹಾರುತ್ತವೆ ಎಂಬುದು ಅವನಿಗೆ ಅರ್ಥವಾಗುವ ಮೊದಲೇ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಫೋನ್ ಬಂತು. ಒಂದು ಕೆನ್ನೆಗೆ ನೊರೆ ಇಟ್ಟುಕೊಂಡೇ ಓಡಿದ. ಬಾಗಿಲು ತೆರೆದಾಗ ಒಳಗಿದ್ದವರು ಅವನ ಮುಖ ನೋಡಿ, ಬಾಗಿಲು ಹಾಕಪ್ಪಾ, ನಾವು ಇಲ್ಲೇ ಇರುತ್ತೇವೆ ಎಂದರಂತೆ. ಈ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿದ್ದೇ ತಡ, ಗಿರಾಕಿಗಳು ಚುರುಕಾದರು. ಅವಳು ಬಾಯಿ ತೆರೆದರೆ ಸಾಕು, ಅರ್ಥ ಆಯ್ತು ಎನ್ನತೊಡಗಿದರು. ಬೇಕರಿಯವನಂತೂ ಅವಳು ಇನ್ನೂ ಪುಟ ಹುಡುಕುತ್ತಿರುವಾಗಲೇ, ಆಹಾ, ಎಷ್ಟು ಚೆನ್ನಾಗಿ ಹೇಳಿದೆ ಎಂದುಬಿಟ್ಟ. ಒಂದು ವಾರದಲ್ಲಿ ಹದಿನೈದು ಮಂದಿಗೆ ಅರ್ಥವಾಯಿತು. ಅಪ್ಪ ಹಿಗ್ಗಿ ಹೀರೇಕಾಯಿಯಾದ. ಮಗಳೂ ನಂಬಿದಳು, ಪಾಪ.

ಪರೀಕ್ಷೆಗೆ ಇನ್ನು ಐದು ದಿನ ಇದೆ ಎನ್ನುವಾಗ ತೂಕದ ಸಾಹೇಬರು ಬಂದರು. ಸರ್ವೀಸು ಪೂರ್ತಿ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ಬಟ್ಟು ಪರೀಕ್ಷೆ ಮಾಡಿ ರಿಟೈರಾದವರು. ಮೀಸೆ ಚುಚ್ಚುತ್ತದೆ ಎಂದು ಮೊಮ್ಮಗಳು ಹತ್ತಿರ ಬರುತ್ತಿಲ್ಲವಂತೆ, ಪೂರ್ತಿ ತೆಗೆದುಬಿಡು ಎಂದರು. ಎಡಗಡೆಯ ಅರ್ಧ ತೆಗೆದು ಅಪ್ಪ ಕಾನೂನಿನಂತೆ ಕತ್ತಿ ನಿಲ್ಲಿಸಿದ. ಸಮುದ್ರದ ನೀರು ಉಪ್ಪಾಗಿರಲು ಲವಣಗಳ ಸಂಚಯನವೇ ಕಾರಣ ಎಂದಳು ಮಗಳು.

"ಹಾಗಂದ್ರೆ?"

ಲವಣಗಳು ಸಂಚಯನಗೊಳ್ಳುತ್ತವೆ ಎಂದಳು. ಸಾಹೇಬರು ಮತ್ತೆ ಹಾಗಂದರೆ ಎಂದರು. ಅವಳು ಅದನ್ನೇ ಬೇಗ ಬೇಗ ಹೇಳಿದಳು, ಆಮೇಲೆ ಜೋರಾಗಿ ಹೇಳಿದಳು, ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಅಪ್ಪನಿಗೆ ನೋಡಲಾಗಲಿಲ್ಲ. ಕುರ್ಚಿಯ ಹಿಂದೆ ನಿಂತು, ಅರ್ಥ ಆಯ್ತು ಅಂದುಬಿಡಿ ಎಂದು ಸಾಹೇಬರಿಗೆ ಕೈಮುಗಿದ, ಕಣ್ಣು ಹೊಡೆದ. ಎದುರಿನ ಕನ್ನಡಿ ಮಗಳಿಗೂ ಕಾಣುತ್ತದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಮಗಳು ಬೆಂಚಿನಿಂದ ಎಲ್ಲವನ್ನೂ ನೋಡಿದಳು.

"ಕಣ್ಣು ಹೊಡೀಬೇಡಯ್ಯಾ," ಎಂದರು ಸಾಹೇಬರು. "ನಂಗೆ ಅರ್ಥ ಆಗಿಲ್ಲ. ಆಯ್ತು ಅಂದ್ರೆ ಈ ಮಗೂಗೆ ತೂಕದಲ್ಲಿ ಮೋಸ ಮಾಡ್ದಂಗೆ." ತಾವೇ ಬಟ್ಟೆ ಬಿಚ್ಚಿಕೊಂಡು ಎದ್ದರು. "ನಿಂಗೆ ಯಾವತ್ತು ಅರ್ಥ ಆಗುತ್ತೋ ಅವತ್ತು ಬಂದು ಉಳಿದಿದ್ದು ತೆಗೆಸ್ತೀನಿ ಮಗೂ. ಅಲ್ಲೀವರ್ಗೂ ಇದು ಹೀಗೇ ಇರ್ಲಿ."

ಹಟ ಅಂದರೆ ಅದು! ಅರ್ಧ ಮೀಸೆಯಲ್ಲೇ ಬ್ಯಾಂಕಿಗೆ ಹೋದರು, ಮದುವೆ ಮನೆಗೂ ಹೋಗಿಬಂದರು. ಹೆಂಡತಿ ಬೀದಿಯಲ್ಲಿ ಅವರಿಂದ ಹತ್ತು ಹೆಜ್ಜೆ ಹಿಂದೆ ನಡೆಯತೊಡಗಿದರು. ಬೇಕರಿಯವನು ಹೋಗುವಾಗ ಒಂದು ಪಕ್ಕ, ಬರುವಾಗ ಇನ್ನೊಂದು ಪಕ್ಕ ನೋಡಿ, ಇಬ್ಬರು ಬೇರೆ ಬೇರೆ ಎಂದುಕೊಂಡು ಎರಡು ಸಲ ನಮಸ್ಕಾರ ಮಾಡಿದ. ದಿನಾ ಬೆಳಿಗ್ಗೆ ಸಾಹೇಬರು ಕಟಿಂಗ್ ಶಾಪಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು, ಏನೂ ಕೇಳದೆ ಮುಂದಕ್ಕೆ ಹೋಗುತ್ತಿದ್ದರು.

ಇತ್ತ ಮಗಳ ಓದು ಕೆಟ್ಟೇಹೋಯಿತು ಎಂದುಕೊಂಡ ಅಪ್ಪ. ಒಂದು ಸಾಲು ಓದುವುದು, ಪುಸ್ತಕ ಮುಚ್ಚುವುದು, ಸಾಹೇಬರ ದನಿಯಲ್ಲಿ ತನಗೆ ತಾನೇ "ಹಾಗಂದ್ರೆ?" ಎಂದುಕೊಳ್ಳುವುದು, ಮತ್ತೆ ಅದೇ ಸಾಲು. ಅರ್ಧ ಗಂಟೆಗೆ ಅರ್ಧ ಪುಟವೂ ಮುಗಿಯುತ್ತಿರಲಿಲ್ಲ. ಒಮ್ಮೊಮ್ಮೆ ಓದು ಬಿಟ್ಟು, ಅಪ್ಪ ನೀರು ಕಾಯಿಸುವ ಪಾತ್ರೆಯ ತಳ ಉಜ್ಜುವುದನ್ನೇ ನೋಡುತ್ತಾ ಕೂರುತ್ತಿದ್ದಳು. ತಡೆಯಲಾರದೆ ಅಪ್ಪ ಹೈಲೈಟರನ್ನು ವಾಪಸ್ ಕೊಟ್ಟೇಬಿಡೋಣ ಎಂದು ಎರಡು ಸಲ ಡ್ರಾ ಎಳೆದ. ಎರಡು ಸಲವೂ ಮುಚ್ಚಿದ.

ಪರೀಕ್ಷೆಯ ದಿನ ಅಪ್ಪನ ಮನಸ್ಸು ಅಂಗಡಿಯಲ್ಲಿರಲಿಲ್ಲ. ಕತ್ತಿ ಮುಟ್ಟುವುದು ಬೇಡವೆಂದು ಬರೀ ತಲೆ ಬಾಚಿ ಗಿರಾಕಿಗಳನ್ನು ಸಾಗಹಾಕಿದ. ಮಧ್ಯಾಹ್ನ ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.

ಮಗಳು ಬಂದಳು. ಪರೀಕ್ಷೆಯ ಮಾತೇ ಎತ್ತದೆ, ಬಿಸಿನೀರಿನ ಪಾತ್ರೆ ಬರಿದು ಮಾಡಿ ಸಾಹೇಬರ ಮುಂದೆ ಹಿಡಿದಳು.

"ತಳದಲ್ಲಿ ಬೆಳ್ಳಗೆ ಕರೆ ಕಟ್ಟಿದೆ ನೋಡಿ. ನೀರು ಕುದ್ದು ಆವಿಯಾಗಿ ಹೋಗುತ್ತೆ, ನೀರಲ್ಲಿ ಇದ್ದಿದ್ದು ತಳದಲ್ಲಿ ಉಳಿಯುತ್ತೆ. ಸಮುದ್ರಾನೂ ಹೀಗೇ. ನದಿ ಕಲ್ಲು ಮಣ್ಣು ತೊಳ್ಕೊಂಡು ಚೂರು ಚೂರು ಉಪ್ಪು ತಂದು ಹಾಕುತ್ತೆ. ಬಿಸಿಲು ನೀರನ್ನ ಎತ್ಕೊಂಡು ಹೋಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ."

"ಹಾಗಾದ್ರೆ ನದಿ ಯಾಕೆ ಉಪ್ಪಾಗಲ್ಲ?"

ಇದು ಪುಸ್ತಕದಲ್ಲಿ ಇರಲಿಲ್ಲ. ಅಪ್ಪ ಕನ್ನಡಿಯಲ್ಲಿ ಮಗಳನ್ನೇ ನೋಡಿದ. ಈ ಸಲ ಕಣ್ಣು ಹೊಡೆಯಲಿಲ್ಲ.

"ನದಿ ಎಲ್ಲೂ ನಿಲ್ಲಲ್ವಲ್ಲ ಸಾಹೇಬ್ರೇ," ಎಂದಳು ನಿಧಾನಕ್ಕೆ. "ಸಿಕ್ಕಿದ್ದನ್ನೆಲ್ಲ ಮುಂದಕ್ಕೆ ತಳ್ಕೊಂಡು ಹೋಗುತ್ತೆ. ಮೊದಲು ನಾನು ಓದ್ತಿದ್ದೆನಲ್ಲ, ಹಾಗೆ."

ಸಾಹೇಬರು ಪಾತ್ರೆಯನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿದರು. "ಅರ್ಥ ಆಯ್ತು," ಎಂದು ಕತ್ತೆತ್ತಿ ಕೂತರು. "ತೆಗಿಯಯ್ಯಾ."

ಅಪ್ಪ ಬ್ರಶ್ಶು ಕೈಗೆತ್ತಿಕೊಂಡು, ಪರೀಕ್ಷೆ ಏನಾಯಿತಮ್ಮಾ ಎಂದು ಕೇಳಿದ. ಒಂದು ಪ್ರಶ್ನೆ ಬಿಟ್ಟೆ ಎಂದಳು. ಅಪ್ಪನ ಬ್ರಶ್ಶು ಗಾಳಿಯಲ್ಲೇ ನಿಂತಿತು.

"ಅದೊಂದು ನಂಗೆ ಅರ್ಥ ಆಗ್ಲಿಲ್ಲ ಅಪ್ಪ. ಅರ್ಥ ಆಗಿಲ್ಲ ಅಂತ ನಂಗೇ ಗೊತ್ತಾಯ್ತು. ಮಿಕ್ಕಿದ್ದೆಲ್ಲ ಬರ್ದೆ."

ಅವಳು ಪಾಸಾದದ್ದು, ಹೆಸರು ಹಾಜರಿ ಪಟ್ಟಿಯಲ್ಲೇ ಉಳಿದದ್ದು ಮೂರು ವಾರದ ಮೇಲೆ ಗೊತ್ತಾದ ಸುದ್ದಿ. ಅಪ್ಪ ಅಷ್ಟು ದಿನ ಕಾಯಲೇ ಇಲ್ಲ. ಕಣ್ಣು ತುಂಬಿಬಂದು ಕನ್ನಡಿ, ಕುರ್ಚಿ, ಸಾಹೇಬರು ಎಲ್ಲ ಕಲಸಿಹೋಗಿ, ಎದುರಿಗೆ ಸಿಕ್ಕಿದ್ದಕ್ಕೆಲ್ಲ ಖುಷಿಯಿಂದ ನೊರೆ ಬಳಿಯುತ್ತಾ ಹೋದ.

"ಅಪ್ಪ," ಎಂದಳು ಮಗಳು, "ಅದು ಹಣೆ."