ಸೂಗಪ್ಪ ಕಾಕಾನ ಹದಿನೇಳು ಬಾಡಿಗೆದಾರರು

ಮಸ್ಕಿಯಲ್ಲಿ ಸೂಗಪ್ಪ ಕಾಕಾನದು ಎರಡು ಖೋಲಿಯ ಮನೆ. ಸರಕಾರಿ ಕಾಗದದ ಪ್ರಕಾರ ಆ ಮನೆಯಲ್ಲಿ ಹದಿನೇಳು ಸಂಸಾರಗಳು ಬಾಡಿಗೆಗಿವೆ. ಮಾಸ್ತರರು, ನರ್ಸಮ್ಮಂದಿರು, ತಲಾಠಿಗಳು. ಅವರಲ್ಲಿ ನಾನೂ ಒಬ್ಬಳು, ಮೆಹರಬಾನು, ಮಸ್ಕಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಿಜವಾಗಿ ಅಲ್ಲಿರುವವರು ಕಾಕಾ, ಅವನ ಹೆಂಡತಿ ಕಸ್ತೂರೆಮ್ಮ ಮತ್ತು ಒಂದು ಎಮ್ಮೆ.

ನೌಕರರು ಕೆಲಸದ ಊರಲ್ಲೇ ವಾಸವಿರಬೇಕು ಅನ್ನುವುದು ನಿಯಮ. ನಾವೆಲ್ಲ ಸಿಂಧನೂರು, ಲಿಂಗಸುಗೂರುಗಳಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಇದಕ್ಕೆ ನಮ್ಮ ಕಡೆ ಅಪ್‌ಡೌನ್ ಅನ್ನುತ್ತಾರೆ. ಪ್ರತಿ ಜೂನ್‌ನಲ್ಲಿ ಮೇಲಿನವರು ವಾಸದ ಪುರಾವೆ ಕೇಳುತ್ತಾರೆ, ನಾವು ಸಾಲಾಗಿ ಕಾಕಾನ ಕಟ್ಟೆಯ ಮೇಲೆ ಕೂರುತ್ತೇವೆ, ಕಾಕಾ ಬಾಡಿಗೆ ಪತ್ರಕ್ಕೆ ಸಹಿ ಮಾಡುತ್ತಾನೆ. ಒಂದು ಪೈಸೆ ಮುಟ್ಟುವುದಿಲ್ಲ. ‘ಸಹಿ ಮಾಡಿದ್ರ ನನ್ನ ಗಂಟೇನು ಹೋಗ್ತೈತಿ ಯವ್ವಾ, ಚಾ ಕುಡದು ಹೋಗು’ ಅನ್ನುತ್ತಾನೆ. ಒಂಬತ್ತು ವರ್ಷ ಆ ಚಹಾ ಕುಡಿದಿದ್ದೇನೆ.

ಮಸ್ಕಿಗೇ ಬಂದು ಇದ್ದುಬಿಡಬಾರದೇ ಎಂದು ನೀವು ಕೇಳಬಹುದು. ಇರುವುದಿಲ್ಲ. ಗಂಡನ ಮನೆಯಿಂದ ಒಮ್ಮೆ, ಅಣ್ಣನ ಮನೆಯಿಂದ ಒಮ್ಮೆ, ಎರಡು ಸಲ ಟ್ರಂಕು ಹೊತ್ತು ಹೊರಬಿದ್ದವಳು ನಾನು. ಆಮೇಲೆ ಸಿಂಧನೂರಿನಲ್ಲಿ ಒಂದೂವರೆ ಖೋಲಿ ಕಟ್ಟಿಸಿದೆ. ಒಂದು ಗೋಡೆಗೆ ಸಿಮೆಂಟು ಬಳಿಯುವ ಗಿಲಾವು ಇನ್ನೂ ಬಾಕಿ ಇದೆ. ಆದರೆ ‘ನಡೀ ಹೊರಗ’ ಅನ್ನುವ ಹಕ್ಕು ಯಾರಿಗೂ ಇಲ್ಲದ ಮನೆ ಈ ಲೋಕದಲ್ಲಿ ನನಗೆ ಅದೊಂದೇ. ಅದಕ್ಕೆ ಬೀಗ ಜಡಿದು ಇನ್ನೊಬ್ಬರ ಛಾವಣಿ ಕೆಳಗೆ ಮಲಗಲು ನನ್ನಿಂದ ಆಗದು.

ಈ ವರ್ಷ ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ಹೊಸ ಸಾಹೇಬರು ಬಂದರು. ಅಪ್‌ಡೌನ್ ಮಾಡುವವರನ್ನು ಜಿಲ್ಲೆಯ ಕೊನೆಗೆ ವರ್ಗ ಮಾಡುತ್ತೇನೆ ಎಂದು ಸುತ್ತೋಲೆ ಹೊರಡಿಸಿದರು. ಅವರ ಸಂಸಾರ ರಾಯಚೂರಿನಲ್ಲೇ ಇತ್ತು, ಜೀಪು ದಿನಾ ಹೋಗಿ ಬರುತ್ತಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನಾವು ಎಂದಿನಂತೆ ಕಾಕಾನ ಪತ್ರ ಕೊಟ್ಟು ಸುಮ್ಮನಾದೆವು.

ಅದೇ ತಿಂಗಳು ಲಿಂಗಸುಗೂರಿನಲ್ಲಿ ಸಮಾಜ ವಿಜ್ಞಾನದವರಿಗೆ ತರಬೇತಿ ಇತ್ತು. ಮೊದಲ ದಿನ ಚೀಟಿ ಎತ್ತಿ, ಅದರಲ್ಲಿ ಬಂದ ಊರಿನ ಪರಿಚಯವನ್ನು ಕೊನೆಯ ದಿನ ಮಾಡಬೇಕು. ಉಳಿದವರಿಗೆ ಲಂಡನ್, ಪ್ಯಾರಿಸ್ ಬಂದವು. ನನ್ನ ಚೀಟಿಯಲ್ಲಿ ಕಸುಕಾಬೆ, ಜಪಾನ್ ಎಂದಿತ್ತು. ನನ್ನ ಪಕ್ಕ ಕೂತಿದ್ದ ವೀರೇಂದ್ರ ಮಾಸ್ತರರು ನಕ್ಕರು. ‘ಮೇಡಂ, ಇದು ಊರೋ, ತಿಂಡಿನೋ?’ ಅವರೂ ಕಾಕಾನ ಮನೆಯ ಬಾಡಿಗೆದಾರರೇ.

ಎಂಟು ದಿನ ಬಸ್ಸಿನಲ್ಲಿ ಫೋನು ಹಿಡಿದು ಆ ಊರನ್ನು ಓದಿದೆ. ಬಹಳ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಟೋಕಿಯೋದಿಂದ ಸುಮಾರು ಮೂವತ್ತೈದು ಕಿಲೋಮೀಟರು, ನಮ್ಮ ಸಿಂಧನೂರಿಗೂ ಮಸ್ಕಿಗೂ ಇರುವುದಕ್ಕಿಂತ ತುಸು ಹೆಚ್ಚು. ಹಗುರ ಮರದ ಪೆಟ್ಟಿಗೆಗಳಿಗೆ ಹೆಸರಾದ ಊರು. ಮೇ ತಿಂಗಳಲ್ಲಿ ಹೊಳೆದಂಡೆಗೆ ನಿಂತು ಹತ್ತಾರು ಜನ ಒಂದೇ ಗಾಳಿಪಟವನ್ನು ಹಗ್ಗ ಎಳೆದು ಹಾರಿಸುತ್ತಾರಂತೆ. ಬೆಳಗಾದರೆ ದುಡಿಯುವವರು ರೈಲು ಹತ್ತಿ ಹೊರಟುಬಿಡುತ್ತಾರೆ. ಹಗಲಿನ ಜನಸಂಖ್ಯೆಯನ್ನು ಬೇರೆ, ರಾತ್ರಿಯ ಜನಸಂಖ್ಯೆಯನ್ನು ಬೇರೆ ಎಣಿಸಿ ಬರೆದಿಟ್ಟಿದ್ದಾರೆ. ಅದನ್ನು ಎರಡು ಸಲ ಓದಿದೆ. ಅಲ್ಲಿ ಹೋಗಿ ಬರುವವರನ್ನು ಯಾರೂ ಕಳ್ಳರಂತೆ ನೋಡುವುದಿಲ್ಲ. ನಾನು ಕೈಯಾರೆ ಕಟ್ಟಿಸಿದ ಮನೆ ಮಾತ್ರ ಇಲಾಖೆಯ ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿ ನಾನು ಇವತ್ತಿಗೂ ಇನ್ನೊಬ್ಬರ ಮನೆಯಲ್ಲೇ ಇದ್ದೇನೆ.

ಪರಿಚಯ ಮುಗಿಸಿದಾಗ ಅಧ್ಯಕ್ಷತೆ ವಹಿಸಿದ್ದ ಸಾಹೇಬರು ಚಪ್ಪಾಳೆ ತಟ್ಟಿದರು.

‘ನೋಡ್ರಿ, ಏನು ಶಿಸ್ತು! ರೈಲಿನಾಗ ತಾಸುಗಟ್ಲೆ ನಿಂತು ಹೋಗ್ತಾರ, ಒಂದು ನಿಮಿಷ ತಡ ಮಾಡಲ್ಲ. ನೀವು ಕಲೀಬೇಕು.’

‘ಕಲತೀವ್ರಿ ಸರ್’ ಎಂದೆ. ‘ನಾ ಸಿಂಧನೂರಾಗ ಇರ್ತೀನ್ರಿ. ಒಂಬತ್ತು ವರ್ಷದಿಂದ ಬಸ್ಸಿನಾಗ ನಿಂತು ಬರಾಕತ್ತೀನಿ. ಒಂದು ದಿನ ಪ್ರಾರ್ಥನಾ ತಪ್ಪಿಸಿಲ್ಲ, ಹಾಜರಿ ಪುಸ್ತಕ ತರಿಸಿ ನೋಡ್ರಿ. ಅವರು ಮಾಡಿದ್ರ ಶಿಸ್ತು, ನಾವು ಮಾಡಿದ್ರ ಗುನ್ಹೆ ಹ್ಯಾಂಗ್ರಿ?’

ವೀರೇಂದ್ರ ಮಾಸ್ತರರು ‘ಸುಮ್ಮನ ಕುಂದ್ರರೀ, ಎಲ್ಲಾರ್ನೂ ಮುಳುಗಸ್ತೀರಿ’ ಎಂದು ಹಲ್ಲು ಕಚ್ಚಿದರು. ಸಭೆಯಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ.

ಊಟದ ಬಿಡುವಿನಲ್ಲಿ ಸಾಹೇಬರು ನನ್ನನ್ನು ತಮ್ಮ ಕಚೇರಿಗೆ ಕರೆಸಿದರು. ಸಿಟ್ಟಾಗಿರಲಿಲ್ಲ. ಅದೇ ನನಗೆ ಹೆಚ್ಚು ಕೆಟ್ಟದೆನಿಸಿತು. ಕಡತ ತೆಗೆದು ಕಾಕಾ ಸಹಿ ಮಾಡಿದ ನನ್ನ ಪತ್ರ ತೋರಿಸಿದರು.

‘ಮೇಡಂ, ಎರಡು ಖೋಲಿಯಾಗ ಹದಿನೇಳು ಮಂದಿ ಅಂತ ನನಗೂ ಗೊತ್ತೈತ್ರಿ. ಕಾಗದ ಐತಿ, ಸಾಕು. ಬಾಯಿ ತಪ್ಪಿ ಅಂದೆ ಅನ್ರಿ, ನಾನು ಮರತಬಿಡ್ತೀನಿ.’

ಎರಡೇ ಮಾತು. ಅಷ್ಟು ಅಂದಿದ್ದರೆ ನನ್ನ ಶಾಲೆ, ನನ್ನ ಮಕ್ಕಳು, ಮಸ್ಕಿಯ ಬಸ್ಸು ಎಲ್ಲ ಉಳಿಯುತ್ತಿದ್ದವು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮೇಜಿನ ಮೇಲಿನ ಬಿಳಿ ಹಾಳೆ ಎಳೆದುಕೊಂಡು, ಸಿಂಧನೂರಿನ ಸ್ವಂತ ಮನೆಯಲ್ಲಿ ವಾಸವಾಗಿದ್ದೇನೆ, ಹಿಂದಿನ ಪತ್ರ ಸುಳ್ಳು, ತಪ್ಪು ನನ್ನದು ಎಂದು ಬರೆದೆ. ಉಳಿದ ಹದಿನಾರು ಹೆಸರು ಎತ್ತಲಿಲ್ಲ. ಸಹಿ ಮಾಡಿ ಮುಂದಿಟ್ಟೆ.

‘ಇದನ್ನ ತಗೊಂಡ್ರ ನಾ ಕ್ರಮ ತಗೋಬೇಕಾಗ್ತೈತಿ’ ಎಂದರು.

‘ತಗೋರಿ ಸರ್. ಆದ್ರ ಮುಟ್ಟೈತಿ ಅಂತ ಸಿಕ್ಕಾ ಹೊಡದು ಒಂದು ನಕಲು ನನಗ ಕೊಡ್ರಿ.’

ಸಾಹೇಬರು ಮೇಜಿನಿಂದ ಕಚೇರಿಯ ಮುದ್ರೆ ತೆಗೆದರು. ಆಮೇಲೆ ಸಿಕ್ಕಾ ಹೊಡೆದರು.

ಇಪ್ಪತ್ತು ದಿನಕ್ಕೆ ಆದೇಶ ಬಂತು. ಲಿಂಗಸುಗೂರಿನ ಆಚೆಗೆ, ಕೃಷ್ಣಾ ದಂಡೆಯ ಒಂದು ಹಳ್ಳಿ. ಕಸ್ತೂರೆಮ್ಮ ಗೋಳೋ ಎಂದು ಅತ್ತಳು. ಕಾಕಾ ಮಾತ್ರ ಬೈದ, ‘ಹುಚ್ಚು ಖೋಡಿ, ಒಂದು ಸಹಿದಾಗ ಹೋಗೂದನ್ನ ಮೈಮ್ಯಾಲೆ ಎಳಕೊಂಡೆಲ್ಲ!’ ವೀರೇಂದ್ರ ಮಾಸ್ತರರು ಈಗಲೂ ಬಸ್ ನಿಲ್ದಾಣದಲ್ಲಿ ಕಂಡರೆ ಆಚೆ ಮುಖ ಮಾಡುತ್ತಾರೆ. ಮಾಡಲಿ.

ಈಗ ನಸುಕಿನಲ್ಲೇ ಎದ್ದು ಎರಡು ಬಸ್ಸು ಬದಲಿಸುತ್ತೇನೆ. ಮೊದಲ ದಿನ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುವ ಮೊದಲೇ ಶಾಲೆಯ ಗೇಟಿನಲ್ಲಿದ್ದೆ. ಮುಖ್ಯಗುರುಗಳು ಒಳ್ಳೆಯವರು. ನನ್ನ ಧೂಳು ಮೆತ್ತಿದ ಚಪ್ಪಲಿ ನೋಡಿ ಹತ್ತಿರ ಬಂದು ದನಿ ತಗ್ಗಿಸಿದರು.

‘ಮೇಡಂ, ಚಿಂತಿ ಮಾಡಬ್ಯಾಡ್ರಿ. ಇಲ್ಲಿ ಉಸ್ಮಾನ್‌ಸಾಬ್ ಅಂತ ಒಬ್ಬರು ಅದಾರ. ಎಲ್ಲಾರಿಗೂ ಅವರಾ ಬಾಡಿಗಿ ಪತ್ರ ಬರಕೊಡ್ತಾರ. ನಿಮಗೂ ಒಂದು ಮನಿ ಮಾಡೂಣು.’

‘ಬ್ಯಾಡ್ರಿ ಸರ್’ ಎಂದೆ. ‘ನನಗ ಮನಿ ಐತಿ.’