ಮಧ್ಯರಂಗಕ್ಕೆ ಹೊರಟ ಮೋಟಾರ್ ಸೈಕಲ್ಲುಗಳು

ತಾಯಿಯ ಅಸ್ಥಿಯನ್ನು ಕಾವೇರಿಗೆ ಬಿಡಲು ನನ್ನ ಮಗ ಅನಂತರಾಮು ಮೋಟಾರ್ ಸೈಕಲ್ ಸಂಘದ ಸವಾರಿಯ ದಿನವನ್ನು ಆರಿಸಿದನು. ಪಂಚಾಂಗ ನೋಡಿ ಅಲ್ಲ, ಪೆಟ್ರೋಲು ನೋಡಿ.

“ಹೇಗೂ ನಾವು ಆ ಕಡೆಗೇ ಹೋಗ್ತಿದೀವಪ್ಪ. ಎರಡು ಸಲ ಯಾಕೆ ಪೆಟ್ರೋಲ್ ಸುಡಬೇಕು?” ಎಂದನು.

ಅಪರಕ್ರಿಯೆಗಳೆಲ್ಲ ಶ್ರೀರಂಗಪಟ್ಟಣದಲ್ಲಿ ಮುಗಿದಿದ್ದವು. ಆದರೆ ನನ್ನ ಹೆಂಡತಿ ತಿರುಮಲಮ್ಮ ಹುಟ್ಟಿದ್ದು ಶಿವನಸಮುದ್ರದಲ್ಲಿ, ಮಧ್ಯರಂಗನ ಗುಡಿಯ ಬೀದಿಯಲ್ಲಿ. “ಒಂದು ಹಿಡಿಯನ್ನಾದರೂ ನಮ್ಮೂರ ನೀರಿಗೆ ಸೇರಿಸಿ. ರಾಮು ತನ್ನ ಕೈಯಿಂದಲೇ ಬಿಡಲಿ” ಎಂದು ಹಾಸಿಗೆ ಹಿಡಿದಾಗ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆ ಒಂದು ಹಿಡಿ ಮಣ್ಣಿನ ಕುಡಿಕೆಯೊಳಗೆ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು, ಮಂಡ್ಯದ ನಮ್ಮ ಹಿತ್ತಲಿನ ಬೇವಿನ ಕೊಂಬೆಯಲ್ಲಿ ತೂಗುತ್ತಿತ್ತು. ಅಸ್ಥಿಯನ್ನು ಮನೆಯೊಳಕ್ಕೆ ತರುವಂತಿಲ್ಲ. ನೀರು ಸೇರುವ ತನಕ ನೆಲಕ್ಕೆ ಇಳಿಸುವಂತೆಯೂ ಇಲ್ಲ. ಪ್ರತಿ ಭಾನುವಾರವೂ “ಬರೋ ವಾರ” ಎನ್ನುತ್ತಿದ್ದ ಮಗ ಕೊನೆಗೆ ಒಪ್ಪಿದನಲ್ಲ ಎಂದು, ಕುಡಿಕೆಯನ್ನು ಕೊರಳಿಗೆ ಕಟ್ಟಿಕೊಂಡು ಅವನ ಹಿಂದೆ ಹತ್ತಿ ಕುಳಿತೆ.

ಏಳು ಮೋಟಾರ್ ಸೈಕಲ್ಲುಗಳು. ಮುಂದಾಳು ವಕೀಲ ಯೋಗಾನರಸಿಂಹ. ಅವನನ್ನು ಎಲ್ಲರೂ ‘ಕ್ಯಾಪ್ಟನ್’ ಎನ್ನುತ್ತಿದ್ದರು. ದಂಡಿನಲ್ಲಿ ಅವನು ಒಂದು ದಿನವೂ ಇದ್ದವನಲ್ಲ. ಕೋರ್ಟಿನಲ್ಲಿ ವಾಯಿದೆ ಕೇಳುವುದೇ ಅವನು ಮಾಡಿದ ಯುದ್ಧ. ಸತ್ತ ಎಮ್ಮೆಯ ಚರ್ಮದ ಕೋಟನ್ನು ತಾನು ತೊಟ್ಟು, ಬದುಕಿದ್ದ ಎಮ್ಮೆಗಳನ್ನೆಲ್ಲ ಹೆದರಿಸುತ್ತ ಮುಂದೆ ಹೋಗುತ್ತಿದ್ದನು. ಉಳಿದವರೂ ಹಾಗೆಯೇ. ವಾರವೆಲ್ಲ ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತು, ಭಾನುವಾರ ಕಪ್ಪು ಕನ್ನಡಕ ಹಾಕಿಕೊಂಡ ಮಾತ್ರಕ್ಕೆ ಶೂರರಾದವರು.

ಮದ್ದೂರಿನಲ್ಲಿ ವಡೆ ತಿನ್ನಬೇಕೆಂದು ದಂಡು ನಿಂತಿತು. ಹೋಟೆಲಿಗೆ ಅಸ್ಥಿಯನ್ನು ಹೊತ್ತು ಹೋಗುವುದುಂಟೆ? ನಾನು ಎದುರಿನ ಹೊಂಗೆಮರದ ಕೆಳಗೆ ನಿಂತೆ.

“ವೆಂಕಟರಾಮಯ್ಯ ಮಾವ, ಅದನ್ನ ಅಲ್ಲೇ ಎಲ್ಲಾದರೂ ಇಟ್ಟು ಬನ್ನಿ. ಯಾರು ಕದೀತಾರೆ?” ಎಂದು ಯೋಗಾನರಸಿಂಹ ಬಾಗಿಲಿನಿಂದ ಕೂಗಿದನು.

“ನೀನು ತಿನ್ನಪ್ಪ. ಯುದ್ಧಕ್ಕೆ ಹೊರಟವನು ಹಸಿದಿರಬಾರದು” ಎಂದೆ.

ಅವನು ನಕ್ಕನು. ಹೊಗಳಿಕೆ ಎಂದುಕೊಂಡಿರಬೇಕು. ನನ್ನ ಮಗ ಎರಡು ವಡೆ ತಿಂದು, ಎಣ್ಣೆಗೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಬಂದನು. ಆ ಕೈಯಿಂದಲೇ ಮಧ್ಯಾಹ್ನ ತಾಯಿಯನ್ನು ನೀರಿಗೆ ಬಿಡಬೇಕಾಗಿತ್ತು.

ಮಳವಳ್ಳಿಗೆ ನೇರವಾದ ರಸ್ತೆ ಉಂಟು. ಆದರೆ ನೇರ ರಸ್ತೆಯಲ್ಲಿ ಮಜಾ ಇಲ್ಲವೆಂದು ಕ್ಯಾಪ್ಟನ್ ಅಪ್ಪಣೆ ಮಾಡಿದನು. ಚಿಕ್ಕರಸಿನಕೆರೆ ದಾಟಿ ನಾಲೆಯ ಪಕ್ಕದ ಅಂಕುಡೊಂಕು ದಾರಿ ಹಿಡಿದರು. ತಿರುವು ಬಂದಾಗಲೆಲ್ಲ ಗಾಡಿಯನ್ನು ನೆಲ ಮುಟ್ಟುವ ಹಾಗೆ ವಾಲಿಸಿ, ನೆಟ್ಟಗಾದ ಕೂಡಲೇ ಕೇಕೆ ಹಾಕುವುದು. ನಾನು ಒಂದು ಕೈಯಲ್ಲಿ ಮಗನ ಸೊಂಟವನ್ನೂ ಒಂದು ಕೈಯಲ್ಲಿ ಅವನ ತಾಯಿಯನ್ನೂ ಹಿಡಿದು ರಂಗನಾಥನ ಹೆಸರು ಹೇಳುತ್ತಿದ್ದೆ.

“ಮೆಲ್ಲಗೆ ಹೋಗೋ.”

“ಹಿಂದೆ ಬಿದ್ದರೆ ನಗ್ತಾರಪ್ಪ!”

ಅದು ಸುಗ್ಗಿಯ ಕಾಲ. ನಮ್ಮ ಕಡೆಯ ರೈತರು ಕಿತ್ತ ಹುರುಳಿಗಿಡವನ್ನು ಟಾರು ರಸ್ತೆಗೆ ಹರವುತ್ತಾರೆ. ಬಸ್ಸು, ಲಾರಿ ತುಳಿದುಕೊಂಡು ಹೋದರೆ ಕಾಳು ಉದುರುತ್ತದೆ, ಎತ್ತು ಕಟ್ಟುವ ಕೆಲಸ ಉಳಿಯುತ್ತದೆ. ಅದರ ಮೇಲೆ ಎರಡು ಗಾಲಿಯವನು ಇಳಿದು ತಳ್ಳಿಕೊಂಡು ಹೋಗಬೇಕೆಂದು ಸೈಕಲ್ಲಿನಲ್ಲಿ ಹಾಲು ಹಾಕುವವನಿಗೂ ಗೊತ್ತು. ಒಂದು ತಿರುವಿನಾಚೆ ರಸ್ತೆಯ ಅಗಲಕ್ಕೂ ಹುರುಳಿ ಹರಡಿತ್ತು. ಕ್ಯಾಪ್ಟನ್ ಅದನ್ನು ಕಂಡೂ “ಬರೀ ಸೊಪ್ಪು! ನುಗ್ಗಿ!” ಎಂದು ಕೂಗಿ ನುಗ್ಗಿದನು.

ಒಣಗಿದ ಗಿಡದ ಕೆಳಗೆ ಗುಂಡಗಿನ ಕಾಳು. ಕ್ಯಾಪ್ಟನ್ ಮಲಗಿದನು. ಅವನ ಹಿಂದಿನವನು ಮಲಗಿದನು. ಮೂರನೆಯವರು ನಾವು. ಬೀಳುವಾಗ ನನಗೆ ಬೇರೇನೂ ಹೊಳೆಯಲಿಲ್ಲ. ಬೆನ್ನಡಿಯಾಗಿ ಬಿದ್ದೆ, ಎರಡು ಕೈಯಿಂದಲೂ ಕುಡಿಕೆಯನ್ನು ಮೇಲೆತ್ತಿ ಹಿಡಿದಿದ್ದೆ. ಅದಕ್ಕೆ ಏನೂ ಆಗಿರಲಿಲ್ಲ. ಆದರೆ ಕೈ ಊರದೆ ಏಳುವುದು ಹೇಗೆ? ಹಾಗೆಯೇ ಮಲಗಿದ್ದೆ.

ಅನಂತರಾಮು ಎದ್ದನು, ಓಡಿದನು. ನನ್ನ ಕಡೆಗಲ್ಲ. ಗಾಡಿಯನ್ನು ಎತ್ತಿ, ಟ್ಯಾಂಕಿನ ಮೇಲೆ ಕೈಯಾಡಿಸಿ, “ಅಯ್ಯೋ, ನೆಗ್ಗಿಹೋಯ್ತು!” ಎಂದು ಗೋಳಾಡಿದನು. ತಾಯಿ ಹೋದ ದಿನವೂ ಅಷ್ಟು ಎತ್ತರದ ದನಿ ಅವನಿಂದ ಬಂದಿರಲಿಲ್ಲ.

ಹುರುಳಿಯ ಒಡತಿ ಚಲುವಮ್ಮ ಕವೆಗೋಲು ಹಿಡಿದು ಗದ್ದೆಯ ಕಡೆಯಿಂದ ಬಂದಳು. ಅವಳ ಹಿಂದೆ ಗಂಡ ಸಿದ್ದರಾಮು.

“ಯಾವೂರ್ ಕತ್ತೆಗಳ್ಲಾ ನೀವು? ಬಸ್ಸು ಬಂದು ತುಳೀಲಿ ಅಂತ ಉಳ್ಳಿ ಆಕಿದ್ರೆ ನೀವ್ ಬಂದು ಒಳ್ಳಾಡ್ತೀರಾ?”

“ನೋಡಮ್ಮ, ಸರ್ಕಾರಿ ರಸ್ತೆ ಮೇಲೆ ಹೀಗೆ ಹರವೋದು ಕಾನೂನಿಗೆ ವಿರುದ್ಧ” ಎಂದು ಯೋಗಾನರಸಿಂಹ ಬಿದ್ದಲ್ಲಿಂದಲೇ ಶುರುಮಾಡಿದನು.

“ಮೊದ್ಲು ಎದ್ದೇಳ್ಲಾ ನನ್ ಉಳ್ಳಿ ಮ್ಯಾಲಿಂದ! ಆಮ್ಯಾಕೆ ಕಾನೂನ್ ಏಳೀಯಂತೆ.”

ಸಿದ್ದರಾಮು ನನ್ನ ಬಳಿ ಬಂದು ಬಗ್ಗಿ ನೋಡಿದನು. “ಇದ್ಯಾಕ್ ಸ್ವಾಮಿ, ಕುಡ್ಕೆ ಎತ್ಕಂಡು ಮನೀಕಂಡಿದ್ದೀರಿ? ಇಳ್ಸಿ ಏಳಬಾರ್ದಾ?”

“ಇಳಿಸುವ ಹಾಗಿಲ್ಲಪ್ಪ. ನನ್ನ ಹೆಂಡತಿ.”

“ಅಯ್ಯೋ ಸಿವನೇ, ಅಸ್ತಿನಾ? ನನ್ ಉಳ್ಳಿಗೇನಾರ ಬಿತ್ತಾ?” ಎಂದು ಚಲುವಮ್ಮ ಚೀರಿದಳು.

“ಒಂದು ಚೂರೂ ಬಿದ್ದಿಲ್ಲ ತಾಯಿ.”

“ಅಂಗಾರೆ ಸರಿ ಬುಡಿ. ನಿಂತ್ಕಂಡು ಏನ್ ನೋಡೀಯೆ, ಆ ವಯ್ಯನ್ನ ಎಬ್ಬುಸು!” ಎಂದು ಗಂಡನನ್ನು ಗದರಿದಳು. ಸಿದ್ದರಾಮು ನನ್ನ ಕಂಕುಳಿಗೆ ಕೈಹಾಕಿ, ಮೂಟೆ ಎತ್ತುವ ಹಾಗೆ ಎತ್ತಿ ನಿಲ್ಲಿಸಿದನು. ಆಗ ನನ್ನ ಮಗ ತಲೆಯೆತ್ತಿ, “ಪೆಟ್ಟಾಯ್ತಾ ಅಪ್ಪ?” ಎಂದನು.

ಅಷ್ಟರಲ್ಲಿ ಮಳವಳ್ಳಿಯ ಬಸ್ಸು ಬಂದು ನಿಂತಿತು. ಡ್ರೈವರ್ ಚೌಡಯ್ಯ ತಲೆ ಹೊರಗೆ ಹಾಕಿ, ಇನ್ನೂ ಕಾನೂನು ಹೇಳುತ್ತಿದ್ದ ಯೋಗಾನರಸಿಂಹನನ್ನು ನೋಡಿ, “ಏನಮ್ಮೋ ಚಲುವಮ್ಮ, ಈ ವರ್ಸ ಉಳ್ಳಿ ಜತೀಗೆ ವಕೀಲ್ರನ್ನೂ ಒಕ್ಕಣೆ ಮಾಡ್ಸೀಯಾ?” ಎಂದನು. ಬಸ್ಸಿನೊಳಗಿದ್ದವರೆಲ್ಲ ನಕ್ಕರು.

“ರಾಮು, ಬಸ್ಸು ಹತ್ತು” ಎಂದೆ.

“ಗಾಡಿ ಬಿಟ್ಟು ಹೇಗಪ್ಪ ಬರಲಿ? ಕ್ಲಚ್ ವೈರು ಹೋಗಿದೆ. ನೀವು ಹೋಗಿ ಹೊಳೆ ಹತ್ರ ಕೂತಿರಿ. ಹಾಕಿಸಿಕೊಂಡು ಹಿಂದೇನೇ ಬಂದುಬಿಡ್ತೀನಿ.”

“ನಿನ್ನ ಕೈಯಿಂದಲೇ ಆಗಬೇಕು ಅಂದಿದ್ದಳು.”

“ಗೊತ್ತಪ್ಪ. ಬರ್ತೀನಿ ಅಂದೆನಲ್ಲ!”

ನಾನೊಬ್ಬನೇ ಹತ್ತಿದೆ. ಕೊರಳಲ್ಲಿದ್ದುದು ಏನೆಂದು ತಿಳಿದು ಕಂಡಕ್ಟರನು ಮುಖ ಸಿಂಡರಿಸಿದನು. ಚೌಡಯ್ಯ, “ಕಿಟಕಿ ತಾವ ಕುಂತ್ಕಳಿ ಸ್ವಾಮಿ” ಎಂದು ಬಸ್ಸನ್ನು ಹುರುಳಿಯ ಮೇಲೆ ಹರಿಸಿದನು.

ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಹಳೆಯ ಕಲ್ಲುಸೇತುವೆಯನ್ನು ನಡೆದು ದಾಟಿ, ಹೊಳೆಯ ಮೆಟ್ಟಿಲಿನ ಮೇಲೆ ಕುಡಿಕೆಯನ್ನು ತೊಡೆಯಲ್ಲಿಟ್ಟುಕೊಂಡು ಕುಳಿತೆ. ನೆತ್ತಿಯ ಮೇಲಿದ್ದ ಬಿಸಿಲು ಬೆನ್ನಿಗೆ ಇಳಿಯಿತು. ಮಗ ಬರಲಿಲ್ಲ. ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬಳು ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದಳು. ಹೇಳಿದೆ.

“ಫಟ್‌ಫಟಿಯೋರಾ? ಆಗ್ಲೇ ಬಂದವ್ರಲ್ಲಾ! ಗಗನಚುಕ್ಕಿ ತಾವ ಸಾಲಾಗ್ ನಿಂತ್ಕಂಡು ಫೋಟೋ ಇಡುಸ್ಕಂತಾವ್ರೆ.”

ಆಮೇಲೆ ನಾನು ಕಾಯಲಿಲ್ಲ. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದು, ದಕ್ಷಿಣಕ್ಕೆ ತಿರುಗಿ, ಬಟ್ಟೆಯ ಗಂಟನ್ನು ಬಿಚ್ಚಿದೆ. “ತಿರುಮಲ, ನನ್ನ ಕೈಯಿಂದ ಆಯಿತು. ಕ್ಷಮಿಸು. ನಿನ್ನ ಮಗನಿಗೆ ಕೆಲಸವಿದೆ” ಎಂದೆ. ನೀರು ಅವಳನ್ನು ಕೂಡಲೇ ತೆಗೆದುಕೊಂಡಿತು. ಮೂರು ಮುಳುಗು ಹಾಕಿ ಎದ್ದೆ.

ಅನಂತರಾಮು ಮೆಟ್ಟಿಲಿಳಿದು ಬರುತ್ತಿದ್ದನು. ಮಿಕ್ಕವರು ಮೇಲೆ ಗಾಡಿಗಳ ಹತ್ತಿರ ನಿಂತಿದ್ದರು. “ಕೊಡಿ ಅಪ್ಪ” ಎಂದು ಕೈ ಚಾಚಿದನು.

“ಬಿಟ್ಟಾಯಿತು.”

ಅವನ ಮುಖ ಬಿಳಿಚಿಕೊಂಡಿತು. “ನಾನೇ ಬಿಡಬೇಕು ಅಂದಿದ್ದಳಲ್ಲ... ಜಲಪಾತದ ಹತ್ರ ಸ್ವಲ್ಪ ಹೊತ್ತು ನಿಂತದ್ದು ಅಷ್ಟೇ ಅಪ್ಪ. ಎಲ್ಲರೂ ಸೇರಿ ಒಂದು ಫೋಟೋ ಅಂತ...”

“ಚೆನ್ನಾಗಿ ಬಂದಿರಲಿ. ನಿನ್ನ ತಾಯಿಯದು ಮನೆಯಲ್ಲಿ ಒಂದೂ ಇಲ್ಲ” ಎಂದೆ.

ಅವನು ಮೆಟ್ಟಿಲಿನ ಮೇಲೆ ಕುಳಿತು, ನೀರಿಗೆ ಇಳಿಯಲೆಂದೋ ಏನೋ, ಬೂಟಿನ ದಾರವನ್ನು ಬಿಚ್ಚತೊಡಗಿದನು. ದಾರ ಬಿಗಿದುಕೊಂಡಿತ್ತು. ಕತ್ತಲಾಗುವ ಮೊದಲು ಮಳವಳ್ಳಿಯ ಬಸ್ಸು ಸಿಕ್ಕಬೇಕೆಂದು ನಾನು ಒದ್ದೆಬಟ್ಟೆಯಲ್ಲಿಯೇ ಮೇಲಕ್ಕೆ ಹತ್ತಿದೆ.