ಎಲ್ಲ ಕುರ್ಚಿಗೂ ಕೆಂಪು ರಿಬ್ಬನ್

ದೊಡ್ಡಕ್ಕ ವಾರ್ಡಿಗೆ ಕಾಲಿಟ್ಟಳೆಂದರೆ ಸಾಕು, ಮುರಿದ ಮೂಳೆಗಳು ಹೆದರಿ ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಒಮ್ಮೆ ಅವಳು ಬಾಗಿಲಲ್ಲಿ ನಿಂತು ಕೆಮ್ಮಿದ್ದಕ್ಕೆ ಮೂರು ಪ್ಲಾಸ್ಟರುಗಳು ಬಿರಿದು ಬಿದ್ದು, ಒಳಗಿದ್ದವರು ನಡೆದುಕೊಂಡೇ ಮನೆಗೆ ಹೋದರು. ಎಡಗೈಯಲ್ಲಿ ಇಂಜೆಕ್ಷನ್, ಬಲಗೈಯಲ್ಲಿ ಬ್ಯಾಂಡೇಜು, ಹುಬ್ಬಿನಲ್ಲಿ ಆಯಾಗಳಿಗೆ ಅಪ್ಪಣೆ; ಇಷ್ಟಾದ ಮೇಲೂ ಬಾಯಿ ಖಾಲಿ ಉಳಿದಿದ್ದರೆ ದೊಡ್ಡ ಡಾಕ್ಟರಿಗೆ ಬುದ್ಧಿ ಹೇಳುವ ಕೆಲಸ ಇದ್ದೇ ಇತ್ತು. ಇಂಥ ಹೆಡ್ ನರ್ಸ್ ಭೂಮಿಯ ಮೇಲೆ ಇನ್ನೊಬ್ಬಳಿಲ್ಲ. ಭೂಮಿಯ ಕೆಳಗೂ ಹುಡುಕಿಸಿ ಆಗಿದೆ.

ಅವಳದು ಮಂಡಿ ಬದಲಾಯಿಸುವ ವಾರ್ಡು. ಸವೆದ ಮಂಡಿ ಹೊತ್ತು ಕುಂಟುತ್ತ ಬಂದವರು ಹೊಸ ಮಂಡಿಯಲ್ಲಿ ಮೆಟ್ಟಿಲಿಳಿದು ಹೋಗಬೇಕು. ನಡುವೆ ಇರುವುದೆಲ್ಲ ದೊಡ್ಡಕ್ಕನ ರಾಜ್ಯ. ಹಗಲು ಪಾಳಿಯಲ್ಲಿ ಆಯಾಗಳನ್ನು ಬಿಟ್ಟರೆ ಆ ರಾಜ್ಯಕ್ಕೆ ಇಬ್ಬರೇ ಪ್ರಜೆಗಳು, ಇಬ್ಬರೂ ತಾತ್ಕಾಲಿಕ ನರ್ಸುಗಳು. ಒಬ್ಬಳು ಚಟಪಟಿ: ಕಾದ ಎಣ್ಣೆಗೆ ನೀರು ಬಿದ್ದಂಥ ಮಾತು, ಮಾತಿಗಿಂತ ಚುರುಕಾದ ಕೈ. ಇನ್ನೊಬ್ಬಳು ಏಣಿ: ಅಷ್ಟುದ್ದ, ಅಷ್ಟೇ ಮೌನ.

ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿಗೆ ಎಷ್ಟು ಜನ ಬೇಕು, ಎಂಥವರು ಬೇಕು ಎಂದು ತೀರ್ಮಾನಿಸಲು ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ಆಸ್ಪತ್ರೆಯವರು ಅವರಿಗೆ ಯೋಜನೆ ಮೇಡಂ ಎಂದು ಹೆಸರಿಟ್ಟುಬಿಟ್ಟರು. ಸಭಾಂಗಣದಲ್ಲಿ ಮೇಡಂ ಒಂದರ ಪಕ್ಕ ಒಂದು ಕುರ್ಚಿ ಹಾಕಿಸಿದರು, ರೋಗಿಯ ದಾರಿಯ ಒಂದೊಂದು ಹಂತಕ್ಕೂ ಒಂದೊಂದು. ರೋಗಿ ಬಾಗಿಲು ದಾಟುವುದು ಮೊದಲ ಕುರ್ಚಿ. ಆಮೇಲೆ ರಕ್ತ ತೆಗೆಯುವುದು, ಕಾಲು ತೊಳೆದು ಗುರುತು ಹಾಕುವುದು, ಆಪರೇಷನ್ ಮುಗಿದು ವಾಪಸು ಬರುವುದು, ನೋವಿನ ಮದ್ದು, ಮೊದಲ ಹೆಜ್ಜೆ, ಮೆಟ್ಟಿಲು. ಕೊನೆಯ ಕುರ್ಚಿಯೆಂದರೆ ಮನೆಗೆ ಹೋದವರಿಗೆ ಫೋನ್ ಮಾಡಿ ವಿಚಾರಿಸುವುದು. ಸಿಬ್ಬಂದಿಯಲ್ಲಿ ಒಂದೊಂದು ಕೆಲಸದವರಿಗೂ ಒಂದೊಂದು ಬಣ್ಣದ ರಿಬ್ಬನ್. ಎಲ್ಲೆಲ್ಲಿ ತಮ್ಮ ಕೆಲಸವೋ ಆ ಕುರ್ಚಿಗೆ ಕಟ್ಟಬೇಕು.

"ನಿಮ್ಮ ಹುದ್ದೆ ಏನು ಅಂತ ಕೇಳ್ತಿಲ್ಲ. ನಿಮ್ಮ ಕೈ ಏನು ಮಾಡುತ್ತೆ ಅಂತ ಕೇಳ್ತಿದೀನಿ," ಎಂದರು ಮೇಡಂ.

ದೊಡ್ಡಕ್ಕನಿಗೆ ಬಂದದ್ದು ಕೆಂಪು. ಅವಳು ಮೊದಲ ಕುರ್ಚಿಗೆ ಕಟ್ಟಿದಳು, ಎರಡನೆಯದಕ್ಕೆ ಕಟ್ಟಿದಳು, ಕಟ್ಟುತ್ತಲೇ ಹೋದಳು. ವ್ಯಾಯಾಮ ಮಾಡಿಸುವ ತರುಣ ತನ್ನ ನೀಲಿ ರಿಬ್ಬನ್ ಹಿಡಿದು ತಡೆದ.

"ಅಕ್ಕಾ, ನಡೆಸೋದು ನಾನಲ್ವಾ?"

"ನೀನು ಬರೋದು ಹೊತ್ತು ನೆತ್ತಿಗೇರಿದ ಮೇಲೆ. ಅಷ್ಟರಲ್ಲಿ ನನ್ನ ರೋಗಿ ಕಾರಿಡಾರ್ ಸುತ್ತಿ ಬಂದು ಕಾಫಿ ಕುಡೀತಿರ್ತಾನೆ. ಪಕ್ಕದಲ್ಲಿ ಕಟ್ಕೋ ಹೋಗು."

ಹಸಿರು ರಿಬ್ಬನ್ ಮಾತ್ರ ಡಬ್ಬಿಯಲ್ಲೇ ಉಳಿಯಿತು. "ಇದು ಯಾರದು?" ಎಂದು ಮೇಡಂ ಕೇಳಿದರು.

"ನಮ್ಮ ಹುಡುಗಿಯರದು. ವಾರ್ಡು ನೋಡ್ಕೊಳ್ಳೋಕೆ ಬಿಟ್ಟು ಬಂದಿದೀನಿ. ಅವರ ಕೆಲಸ ಅಂದ್ರೂ ನನ್ನ ಕೆಲಸಾನೇ ಅನ್ಕೊಳ್ಳಿ."

ಮೇಡಂ ಹಾಗೆಯೇ ಅಂದುಕೊಂಡರು. ಅದೇ ಎಡವಟ್ಟಾಯಿತು.

ಮರುವಾರ ದೊಡ್ಡ ಡಾಕ್ಟರ ಕೋಣೆಗೆ ಕರೆ ಬಂತು. ದೊಡ್ಡಕ್ಕ ಸನ್ಮಾನಕ್ಕೇ ಕರೆದಿದ್ದಾರೆಂದು ತಲೆ ಬಾಚಿಕೊಂಡು ಹೋದಳು.

"ಇಡೀ ದಾರಿ ಒಬ್ಬರೇ ಸಂಭಾಳಿಸ್ತಿದ್ದೀರಿ," ಎಂದರು ಮೇಡಂ, ನಿಜವಾದ ಮೆಚ್ಚುಗೆಯಿಂದ. "ಹೊಸ ಕಟ್ಟಡಕ್ಕೆ ನಿಮ್ಮಂಥವರು ಇನ್ನೊಬ್ಬರಿದ್ರೆ ಸಾಕು. ಆ ಎರಡು ತಾತ್ಕಾಲಿಕ ಹುದ್ದೆ ಈ ತಿಂಗಳಿಗೆ ಮುಗಿಸಿಬಿಡಬಹುದು."

"ನಿಮ್ಮ ರಿಬ್ಬನ್ನೇ ಹೇಳ್ತಿದೆಯಲ್ಲಮ್ಮ," ಎಂದರು ದೊಡ್ಡ ಡಾಕ್ಟರು, ಕನ್ನಡಕ ಒರೆಸುತ್ತ.

ಸುದ್ದಿ ದೊಡ್ಡಕ್ಕನಿಗಿಂತ ಮೊದಲೇ ವಾರ್ಡು ಸೇರಿತ್ತು. ಏಣಿ ಗೋಡೆಯ ಕಡೆ ತಿರುಗಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಚಟಪಟಿ ಈಚೆಗಷ್ಟೇ ಸಣ್ಣ ಮನೆ ಹಿಡಿದು, ಅಣ್ಣನ ಮನೆಯಲ್ಲಿ ಮೂಲೆಗುಂಪಾಗಿದ್ದ ಅಮ್ಮನನ್ನು ಕರೆತಂದುಕೊಂಡಿದ್ದಳು.

"ಒಂದೇ ಒಂದು ಹಸಿರು ಕಟ್ಟಬಾರದಿತ್ತಾ ಅಕ್ಕಾ? ಅಮ್ಮನ್ನ ವಾಪಸ್ ಅಲ್ಲಿಗೆ ಹೇಗೆ ಕಳಿಸಲಿ?" ಎಂದಳು.

ದೊಡ್ಡಕ್ಕ ಏಣಿ ಮಡಿಸಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಮನೆಗೆ ಹೋದರೆ ಗಂಡ ಹಿಂದೆ ಮುಂದೆ ಸುಳಿದಾಡಿ ನೋಡಿದ.

"ಏನೇ, ಮನೆ ಇಷ್ಟು ತಣ್ಣಗಿದೆ? ಬಾಯಿಗೂ ಪ್ಲಾಸ್ಟರ್ ಹಾಕಿಸ್ಕೊಂಡು ಬಂದ್ಯಾ?"

ಅವಳು ನಡೆದದ್ದು ಹೇಳಿದಳು. ಗಂಡ ನಗಲಿಲ್ಲ. "ನೀನು ಹೊಗಳ್ಕೊಂಡಿದ್ದಕ್ಕೆ ಆ ಮಕ್ಕಳ ಹೊಟ್ಟೆ ಮೇಲೆ ಹೊಡೆತ ಬಿತ್ತಲ್ಲೇ."

"ಸುಮ್ನಿರಿ. ಯೋಚಿಸ್ತಿದೀನಿ."

ಯೋಚಿಸಿದಳು ನೋಡಿ! ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮಹಾ ಉಪಾಯ ತಯಾರಾಯಿತು. ಸೇನಾಧಿಪತಿಗಳು ನಕ್ಷೆ ಹರಡಿಕೊಂಡು ವರ್ಷಗಟ್ಟಲೆ ತಲೆ ಕೆರೆದುಕೊಂಡರೂ ಹೊಳೆಯದಂಥ ಉಪಾಯ. ಬೆಳಿಗ್ಗೆ ನೇರ ಮೇಡಂ ಎದುರು ಹೋಗಿ ನಿಂತಳು.

"ಮೇಡಂ, ನೀವು ಆ ಕುರ್ಚಿಗಳ ಮೇಲೆ ನಡೆಸಿದ್ದು ಒಬ್ಬನೇ ರೋಗಿನ. ನಮ್ಮಲ್ಲಿ ಯಾರೂ ಹಾಗೆ ಸರದಿ ಪ್ರಕಾರ ನರಳಲ್ಲ. ಒಟ್ಟಿಗೆ ಐದು ಜನರನ್ನ ಕೂರಿಸಿ, ನನ್ನೊಬ್ಬಳನ್ನೇ ಬಿಡಿ. ಆಗುತ್ತೋ ಇಲ್ಲವೋ ಕಣ್ಣಾರೆ ನೋಡಿ."

ಕುರ್ಚಿಗಳು ಮತ್ತೆ ಬಂದವು. ಹುಡುಗಿಯರಿಬ್ಬರೂ ನೋಡಲು ಬರಲೆಂದು ವಾರ್ಡಿಗೆ ಬೇರೆ ವಿಭಾಗದ ನರ್ಸುಗಳನ್ನು ನಿಲ್ಲಿಸಿದರು. ರೋಗಿಗಳ ವೇಷಕ್ಕೆ ಆಂಬುಲೆನ್ಸ್ ಡ್ರೈವರ್, ಲಿಫ್ಟಿನವನು, ಕ್ಯಾಂಟೀನಿನವನು, ನೀಲಿ ರಿಬ್ಬನ್ನಿನ ತರುಣ, ಕೊನೆಗೆ ದೊಡ್ಡ ಡಾಕ್ಟರೇ ಕೂತರು. ನೋಡಲು ಇಡೀ ಆಸ್ಪತ್ರೆ ನೆರೆದಿತ್ತು. ಹಾಸಿಗೆ ಬಿಟ್ಟು ಏಳಲಾಗದವರು ಹಾಸಿಗೆ ಸಮೇತ ಬಂದರು.

ಮೇಡಂ ಕೈ ತಟ್ಟಿದರು. ದೊಡ್ಡಕ್ಕ ಲಿಫ್ಟಿನವನ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಅದು ಉಬ್ಬುವಷ್ಟರಲ್ಲಿ ನೋವಿನ ಮದ್ದಿನ ಕುರ್ಚಿಯಿಂದ ದೊಡ್ಡ ಡಾಕ್ಟರು, "ಸಿಸ್ಟರ್, ನೋವು! ಅಯ್ಯೋ, ತಡೆಯೋಕಾಗ್ತಿಲ್ಲ!" ಎಂದು ಜನ್ಮದಲ್ಲಿ ರೋಗಿಯಾಗುವ ಅವಕಾಶ ಸಿಗದವರಂತೆ ಕೂಗಿದರು. ಅಲ್ಲಿಗೆ ಓಡಿದರೆ ಇಲ್ಲಿ ಕ್ಯಾಂಟೀನಿನವನು, "ನನ್ನ ಯಾವ ಕಾಲಿಗೆ ಆಪರೇಷನ್ನು? ಯಾರೂ ಗುರುತೇ ಹಾಕಿಲ್ಲ!" ಎಂದ. ಡ್ರೈವರು ಆಸರೆ ಇಲ್ಲದೆ ಎದ್ದೇ ನಿಂತ. ತರುಣ ಮನೆಯಲ್ಲಿ ಕೂತವನಂತೆ, "ಫೋನು ಬರಲೇ ಇಲ್ಲ, ಹೊಲಿಗೆ ಕೀವಾಗಿದೆ," ಎಂದು ಗೊಣಗಿದ. ಎಲ್ಲ ಕಡೆಯಿಂದಲೂ ಒಂದೇ ಕೂಗು: ಸಿಸ್ಟರ್, ಸಿಸ್ಟರ್, ಸಿಸ್ಟರ್!

ಆಗ ದೊಡ್ಡಕ್ಕ, ಲೆಕ್ಕ ಹಾಕಿಟ್ಟುಕೊಂಡಿದ್ದ ಕ್ಷಣಕ್ಕೆ ಸರಿಯಾಗಿ, ನಟ್ಟನಡುವೆ ನಿಂತಳು. ಒಂದು ಕೆಂಪು ರಿಬ್ಬನ್ ಬಿಚ್ಚಿ ಬಾವುಟದಂತೆ ಎತ್ತಿ ಹಿಡಿದಳು.

"ನೋಡಿದ್ರಾ? ಒಬ್ಬಳ ಕೈಲಿ ಆಗಲ್ಲ! ನನ್ನಂಥ ನನಗೇ ಆಗಲ್ಲ! ಬನ್ರೇ ಹುಡುಗೀರಾ!"

ಚಟಪಟಿ, ಏಣಿ ಮಿಂಚಿನಂತೆ ನುಗ್ಗಿದರು. ಚಟಪಟಿ ಕ್ಯಾಂಟೀನಿನವನ ಕಾಲಿಗೆ ಗುರುತು ಹಾಕುತ್ತಲೇ ತರುಣನಿಗೆ ಫೋನಿನಲ್ಲಿ ಹೊಲಿಗೆಯ ವಿಷಯ ವಿಚಾರಿಸಿದಳು; ಏಣಿ ಡ್ರೈವರನ್ನು ಮಗುವಿನಂತೆ ಎತ್ತಿ ಕೂರಿಸಿ ಡಾಕ್ಟರ ಬಾಯಿಗೆ ಮಾತ್ರೆ ಇಟ್ಟಳು. ಗದ್ದಲ ಅಡಗಿತು. ಮೇಡಂ ಹಸಿರು ರಿಬ್ಬನ್ನಿನ ಡಬ್ಬಿಯನ್ನು ತಾವೇ ತೆರೆದು, ಒಂದೊಂದು ಕುರ್ಚಿಯ ಮುಂದೆಯೂ ನಿಂತು, ಒಂದೇ ಹೊತ್ತಿಗೆ ಅಲ್ಲಿ ಎಷ್ಟು ಕೈ ಬೇಕಾಯಿತೆಂದು ಕೇಳಿ ಕೇಳಿ ಕಟ್ಟಿಸಿದರು. ಸಭಾಂಗಣ ತೋಟದಂತೆ ಹಸಿರಾಯಿತು. ಇಬ್ಬರ ಕೆಲಸವೂ ಕಾಯಂ ಆಯಿತು; ಮೇಲಿಂದ ಮೂರು ಹೊಸ ಹುದ್ದೆ! ಚಪ್ಪಾಳೆಗೆ ಕಿಟಕಿಯ ಗಾಜುಗಳು ಉದುರಿದವು. ಪಕ್ಕದ ಕಟ್ಟಡದ ಗಾರೆಯವರು ಭೂಕಂಪವೆಂದು ಕೆಳಗಿಳಿದು ಓಡಿದರು.

ಹೀಗೆಂದು ದೊಡ್ಡಕ್ಕ ಹೇಳುತ್ತಾಳೆ. ಹೊಸ ಕಟ್ಟಡಕ್ಕೆ ಹೋದ ಮೇಲೆ ಬಂದ ರೋಗಿಗಳಿಗೆಲ್ಲ ಮೊದಲಿಂದ ಕೊನೆಯವರೆಗೆ ಹೀಗೆಯೇ ಹೇಳಿದ್ದಾಳೆ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ ಕೇಳಿ ಮೂಗಿನ ಮೇಲೆ ಬೆರಳಿಟ್ಟಳು.

"ಅಬ್ಬಬ್ಬಾ, ಎಂಥ ತಲೆ ಕಣಮ್ಮ ನಿಂದು! ಬೇಕಂತಲೇ ಸೋತು ಗೆದ್ದೆ."

ಅಜ್ಜಿಯ ಮಂಡಿಯ ಡ್ರೆಸ್ಸಿಂಗ್ ಬದಲಾಯಿಸುತ್ತಿದ್ದ ಚಟಪಟಿ ಕಿಸಕ್ಕನೆ ನಕ್ಕಳು. "ಅಜ್ಜೀ, ಐದು ಜನರನ್ನ ಕೂರಿಸೋ ಉಪಾಯ ಯಾರದು ಅಂತ ಕೇಳಿ."

"ನೀನು ಮಂಡಿ ನೋಡೇ!" ಎಂದು ಗದರಿದಳು ದೊಡ್ಡಕ್ಕ.

"ಮಂಡಿ ನೋಡ್ತಾನೇ ಕೇಳ್ತಿದೀನಿ. ಐದು ಜನ ಒಟ್ಟಿಗೆ ಬಂದ್ರೆ ಏನ್ಮಾಡ್ತೀರಿ ಅಂತ ಕೇಳಿದ್ದು ಮೇಡಂ ಅಲ್ವಾ? ನೀವೇನಂದ್ರಿ?"

ದೊಡ್ಡಕ್ಕ ದಿಂಬು ಸರಿಮಾಡಿದಳು. ಸರಿಯಾಗಿಯೇ ಇದ್ದ ದಿಂಬು.

"ಐವತ್ತು ಬರಲಿ ಅಂದೆ."

"ಮತ್ತೆ ಆ ರಿಬ್ಬನ್ ಬಾವುಟ?"

"ಕಾಲಿಗೆ ಸಿಕ್ಕಿಹಾಕ್ಕೊಂಡಿತ್ತು."

"ನಮ್ಮನ್ನ ಕರೆದದ್ದು?"

"ಕರೀಲಿಲ್ಲ ಮಾರಾಯ್ತಿ. ಆ ಡ್ರೈವರು ವಾಲಿದಾಗ ನೀವೇ ಓಡಿ ಬಂದ್ರಿ. ಏಣಿ ಹಿಡೀದೇ ಇದ್ದಿದ್ರೆ ಅವನಿಗೆ ನಿಜವಾಗ್ಲೂ ಹೊಸ ಮಂಡಿ ಹಾಕಬೇಕಾಗ್ತಿತ್ತು."

"ಹಾಗಾದ್ರೆ ಎಲ್ಲಾ ಬುರುಡೆಯೇನಮ್ಮ?" ಎಂದಳು ಅಜ್ಜಿ, ಕೊಟ್ಟ ಹೊಗಳಿಕೆ ವಾಪಸು ಕೇಳುವವಳಂತೆ.

"ಕೆಲಸ ಕಾಯಂ ಆಗಿದ್ದು ನಿಜ ಅಜ್ಜಿ. ಆ ಮೂರು ಹೊಸ ಹುಡುಗಿಯರೂ ಅಗೋ, ಅಲ್ಲೇ ಓಡಾಡ್ತಿದಾರೆ," ಎಂದಳು ಚಟಪಟಿ.

ದೊಡ್ಡಕ್ಕ ಹಾಸಿಗೆಯ ಅಂಚಿಗೆ ಕೂತಳು. ದನಿ ಅರ್ಧಕ್ಕರ್ಧ ಇಳಿದಿತ್ತು.

"ತಪ್ಪಾಯ್ತು, ರಿಬ್ಬನ್ ಬಿಚ್ಚಿಬಿಡ್ತೀನಿ ಅಂತ ಕೇಳ್ಕೊಳ್ಳೋಕೇ ಹೋಗಿದ್ದೆ ಅಜ್ಜಿ. ಮೇಡಂ ಹಾಗೆ ಕೇಳಿದ್ದೇ ತಡ, ಈ ಬಾಯಿ ಬೇರೇನೋ ಅಂದುಬಿಡ್ತು. ಸೋಲೋಕೆ ಅಲ್ಲ, ಗೆಲ್ಲೋಕೇ ಇಳಿದೆ. ಆ ಹೊತ್ತಲ್ಲಿ ಇವಳೂ ನೆನಪಿರಲಿಲ್ಲ, ಇವಳಮ್ಮನೂ ನೆನಪಿರಲಿಲ್ಲ. ಆಮೇಲೆ ಏದುಸಿರು ಬಂತು, ಯಾವ ಕುರ್ಚಿಗೆ ಓಡಬೇಕೋ ತಿಳೀಲಿಲ್ಲ. ಒಬ್ಬಳ ಕೈಲಿ ಆಗಲ್ಲ ಅಂತ ನಾನು ಕೂಗಿದ್ದು ಉಪಾಯ ಅಲ್ಲ. ನಿಜವಾಗ್ಲೂ ಆಗಲಿಲ್ಲ."